ಮನೆಗೆ ಕಾರಿನ ಬಣ್ಣ ಹೊಡೆದವನು

ಇದನ್ನು ಓದಿ ನನ್ನನ್ನು ಸುಳ್ಳುಗಾರ ಎನ್ನುತ್ತೀರಿ, ಅಡ್ಡಿಯಿಲ್ಲ. ಖಾಸಬಾಗದಲ್ಲಿ ನಮ್ಮ ಪಕ್ಕದ ಮನೆಯ ಮೆಕ್ಯಾನಿಕ್ ತನ್ನ ಟೆಂಪೊ ಮಾರಿ ಖಾನಾಪುರದಲ್ಲೊಂದು ಹಳೇ ಮನೆ ಕೊಂಡ. ರಿಪೇರಿ ಮಾಡಿ ಮಾರಿದರೆ ಎರಡು ಟೆಂಪೊ ಬರುತ್ತವೆ ಎಂದು ಅವನ ನಂಬಿಕೆ. ಯಾರು ಏನೇ ಕೇಳಲಿ, "ಗಾಡಿ ಬ್ಯಾರೆ ಅಲ್ಲ, ಮನಿ ಬ್ಯಾರೆ ಅಲ್ಲಪಾ" ಎನ್ನುತ್ತಿದ್ದ. ಗೋಡೆ ತಟ್ಟಿ, ಇಂಜಿನ್ನಿನ ಸದ್ದು ಕೇಳುವಂತೆ ಕಿವಿಗೊಡುತ್ತಿದ್ದ. ಬಾಗಿಲಿಗೆ ಕಾರಿನ ಬಣ್ಣ ಹೊಡೆದ. ಅದರ ಹೊಳಪಿನಲ್ಲಿ ನನ್ನ ಇಡೀ ಮೀಸೆಯನ್ನು, ಅಂದರೆ ಹನ್ನೊಂದು ಕೂದಲನ್ನು, ನಾನೇ ಎಣಿಸಿದ್ದೇನೆ.

ಮನೆ ನೋಡಲು ಬಂದ ಗಿರಾಕಿಗೂ ಆ ಬಾಗಿಲೇ ಹಿಡಿಸಿತು. "ಆತ್ರಿ, ತಗೋತೀನಿ" ಎನ್ನುವಷ್ಟರಲ್ಲಿ ಮೆಕ್ಯಾನಿಕ್‌ನ ಅವ್ವ ಸ್ಟೋವು, ಹಾಲು ಹಿಡಿದು ಒಳಗೆ ಬಂದಳು. ಮಾರುವ ಸುದ್ದಿಯನ್ನು ಅವನು ಅವಳಿಗೆ ಹೇಳಿರಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ಹಾಲು ಉಕ್ಕಿಸಿಯೇಬಿಟ್ಟಳು.

ಗಿರಾಕಿ ಚಪ್ಪಲಿ ಮೆಟ್ಟಿದ. "ಹಾಲು ಉಕ್ಕಿತಲ್ರಿ. ಇನ್ನ ಇದು ನಿಮ್ಮ ಮನಿ. ನಾ ಹ್ಯಾಂಗ ತಗೊಳ್ಳಲಿ?"

ಮೆಕ್ಯಾನಿಕ್ ಏನೋ ಹೇಳಲು ಬಾಯಿ ತೆರೆದ.

"ನನ್ನ ಸಲುವಾಗಿ ಎಷ್ಟ ಚಂದ ಮಾಡೀಯೋ ಮಗನ! ನಾಳೆ ಸಾಮಾನು ತರೂಣು," ಎಂದಳು ಅವ್ವ.

"ಹೂಂ ಬೇ," ಎಂದವನೇ ನಗುತ್ತಾ ಹಾಲಿಗೆ ಲೋಟ ಹುಡುಕತೊಡಗಿದ.