ಕೂಸಿಲ್ಲದ ಬಾಣಂತಿಗೆ ಹಚ್ಚಿದ ಕೈ

ನಿಪ್ಪಾಣಿ ಹತ್ತಿರದ ಬೋರಗಾಂವದಲ್ಲಿ ಬಾಣಂತಿಯ ಮೈ ತಿಕ್ಕಬೇಕು ಅಂದರೆ ಮಲಕವ್ವನನ್ನೇ ಕರೀಬೇಕು ಅನ್ನೋ ಕಾಲ ಒಂದಿತ್ತು. ಎಂಬತ್ತೇಳು ಎಂಬತ್ತೆಂಟರ ಸುಮಾರು. ಊರತುಂಬ ಪವರ್‌ಲೂಮಿನ ಸಪ್ಪಳ. ಆ ಸಪ್ಪಳದೊಳಗೂ ಯಾವ ಮನೆಯಿಂದ ಹೊಸ ಕೂಸಿನ ಅಳು ಬಂತೋ, ಐದನೆಯ ದಿನ ಮುಂಜಾನೆ ಆ ಮನೆಯ ಬಚ್ಚಲಲ್ಲಿ ಮಲಕವ್ವ ಸೀರೆ ಎತ್ತಿ ಕಟ್ಟಿ ಕೂತಿರುತ್ತಿದ್ದಳು. ಗಂಡ ಪಂಢರಪುರದ ಕಡೆ ಹೋದವ ತಿರುಗಿ ಬಂದಿರಲಿಲ್ಲ, ಹಣೆಯ ಕುಂಕುಮ ಒಂದನ್ನು ಬಿಟ್ಟು ಹೋಗಿದ್ದ. ಹೊಟ್ಟೆಗೆ ಹಾಕುತ್ತಿದ್ದದ್ದು ಆ ಎರಡು ಕೈ.

ಸಕ್ಕುಬಾಯಿಯ ಸೊಸೆ ಕಸ್ತೂರೆವ್ವ ತಾಯಿ ಇಲ್ಲದ ಹುಡುಗಿ. ಅದಕ್ಕೇ ಚೊಚ್ಚಲ ಬಾಣಂತನ ಗಂಡನ ಮನೆಯಲ್ಲೇ. ಹೊಟ್ಟೆ ಕಾಣುವ ಮೊದಲೇ ಸಕ್ಕುಬಾಯಿ ಮಲಕವ್ವನಿಗೆ ಹೇಳಿ ಇಟ್ಟಿದ್ದಳು. ಕೂಸು ಹುಟ್ಟಿತು, ಅತ್ತಿತು, ಮೂರನೆಯ ದಿನ ಹೋಗಿಬಿಟ್ಟಿತು. ಮಲಕವ್ವನ ಮನೆಗೆ ಮಾತು ಬಂತು: "ಬರೂದ ಬ್ಯಾಡಂತ."

ಕೂಸು ಹೋದ ಮನೆಯಲ್ಲಿ ಬಾಣಂತಿಗೆ ಎಣ್ಣೆ ಇಲ್ಲ, ಹೊರಸಿನ ಕೆಳಗೆ ಕೆಂಡ ಇಲ್ಲ, ಅಂಟಿನುಂಡಿ ಇಲ್ಲ. ಎಣ್ಣೆ ಅಂದರೆ ಹಬ್ಬ. ಸೂತಕದಲ್ಲಿ ಹಬ್ಬ ಯಾರು ಮಾಡತಾರೆ? ಹಡೆದ ಮೈ ಹಡೆದದ್ದೇ ಆದರೂ ಆಕೆಯನ್ನು ಯಾರೂ ಬಾಣಂತಿ ಅನ್ನುವುದಿಲ್ಲ.

ವಾರದ ಮೇಲೆ ಕಸ್ತೂರೆವ್ವನ ಗಂಡ ಬಾಬಾಸಾಹೇಬ ತಾನೇ ಬಂದ. ಲೂಮಿನಿಂದ ನೆಟ್ಟಗೆ ಬಂದಿದ್ದ, ತಲೆತುಂಬ ಅರಳೆಯ ಧೂಳು.

"ಮೌಶಿ, ಆಕಿ ಕುತ್ತಿಗಿ ತಿರಗವಲ್ದು. ಹಲ್ಲ ಕಚ್ಚಿ ಹಿಡದಾಳ, ತುತ್ತ ಒಳಗ ಹೋಗವಲ್ದು. ನಿದ್ದಿ ಇಲ್ಲ. ಅಳೂದೂ ಇಲ್ಲ."

"ಡಾಕ್ಟರಿಗೆ ತೋರಿಸೀರಿಲ್ಲೊ?"

"ನಿಪ್ಪಾಣಿಗೆ ಒಯ್ದಿದ್ದೆ. ನಂಜಲ್ಲ, ಸಂಕಟಕ್ಕ ಮೈ ಬಿಗದೈತಿ, ಗುಳಿಗಿ ಕೊಡ್ರಿ, ಯಾರರ ಮೈ ನೀವಾಕ ಹಚ್ರಿ ಅಂದಾರ. ಅವ್ವ ಒಲ್ಲೆ ಅಂತಾಳ."

ಆ ಮಾತು ಹಿತ್ತಲ ಗೋಡೆ ದಾಟಿತು. ಪಕ್ಕದ ಜೈನರ ಮನೆಯ ಪದ್ಮವ್ವನ ಮಗಳು ಹೆರಿಗೆಗೆ ಬಂದಿದ್ದಳು, ಇಂದೋ ನಾಳೆಯೋ ಅನ್ನುವಂತಿದ್ದಳು. ಪದ್ಮವ್ವ ಮೆತ್ತಗೇ ಹೇಳಿದಳು: "ಹೋಗಬ್ಯಾಡ ಅನ್ನಾಂಗಿಲ್ಲ ಮಲಕವ್ವಾ. ಆದ್ರ ಅಲ್ಲಿ ಮುಟ್ಟಿದ ಕೈ ತಗೊಂಡ ನಮ್ಮ ಕೂಸಿನ ಕಡಿ ಬರಬ್ಯಾಡ ನೋಡು."

ಇವತ್ತು ಪದ್ಮವ್ವ ಅಂದದ್ದನ್ನು ನಾಳೆ ಓಣಿಯೇ ಅನ್ನುತ್ತದೆ. ಅದು ಮಲಕವ್ವನಿಗೆ ಗೊತ್ತಿತ್ತು. ಬಾಗಿಲಲ್ಲಿ ಬಹಳ ಹೊತ್ತು ಕೂತಳು. ಆಮೇಲೆ ಎದ್ದು ಹೋದಳು.

ಸಕ್ಕುಬಾಯಿ ಹೊಸ್ತಿಲಿಗೆ ಅಡ್ಡ ನಿಂತಳು. "ಕರೀದನ ಬಂದ್ಯಲ್ಲ ಬೇ! ಯಾವ ಕೂಸಿಗೆ ಎರೀತಿ?"

"ನಿನ್ನ ಸೊಸಿಗೆ."

"ಸೂತಕದಾಗ ಎಣ್ಣಿ ಮುಟ್ಟಿಸಿದ್ರ ಮುಂದ ಹುಟ್ಟೂದಕ್ಕೂ ಕಾಟ."

"ಎಣ್ಣಿ ತಂದಿಲ್ಲಕ್ಕಾ. ಬರೇ ಕೈ ತಂದೀನಿ."

"ಮಾತಿನ್ಯಾಗ ನಿನ್ನ ಗೆಲ್ಲೂದ ಆಗದನ ಗಂಡ ಓಡಿಹೋಗ್ಯಾನ" ಎಂದು ಕುಟುಕಿ, ಸಕ್ಕುಬಾಯಿ ದಾರಿ ಬಿಟ್ಟಳು. ಆಕೆಯ ಕಣ್ಣೂ ಬಾತಿದ್ದವು.

ಕಸ್ತೂರೆವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಭುಜ ಕಿವಿಯ ಹತ್ತಿರ ಏರಿ ಕೂತಿದ್ದವು. ಮುಟ್ಟಿದರೆ ಬೆಚ್ಚಿಬೀಳುತ್ತಿದ್ದಳು. ಮಲಕವ್ವ ಕುತ್ತಿಗೆಗೆ ಕೈ ಹಾಕಲೇ ಇಲ್ಲ. ಬಿಸಿನೀರಲ್ಲಿ ಅರಿವೆ ಹಿಂಡಿ ಅಂಗಾಲಿಗೆ ಸುತ್ತಿದಳು. ಮೀನಖಂಡ ನೀವಿದಳು, ಅಂಗೈ ಒತ್ತಿದಳು, ಒಂದೊಂದೇ ಬೆರಳು ಎಳೆದಳು. ಕಲ್ಲಾಗಿದ್ದ ಎದೆಗೆ ಬಿಸಿ ಅರಿವೆ ಇಟ್ಟಾಗ ಹಾಲು ತಾನೇ ಸೋರಿತು. ಅದನ್ನು ಯಾರೂ ನೋಡದಂತೆ ಒರೆಸಿದಳು. ಬೆನ್ನ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂತಳು. ಉಸಿರು ಗಂಟಲಲ್ಲೇ ಓಡಾಡುತ್ತಿದ್ದದ್ದು ಮೆಲ್ಲಗೆ ಹೊಟ್ಟೆಗೆ ಇಳಿಯಿತು. ಆಗಷ್ಟೇ ಹೆಗಲು, ಕುತ್ತಿಗೆ, ಕಿವಿಯ ಕೆಳಗಿನ ಗಂಟು ಹಿಡಿದಳು.

ದವಡೆ ಸಡಿಲಾದ ಹೊತ್ತಿಗೆ ಹಲ್ಲು ಕಟಕಟ ಅಂದವು. "ಮೌಶಿ, ಅದು ಅತ್ತಿತ್ರಿ" ಅಂದಳು ಕಸ್ತೂರೆವ್ವ. "ನಾ ಕೇಳೀನ್ರಿ. ಅದು ಗಟ್ಟಿ ಅತ್ತಿತ್ತು."

ಆಮೇಲಿನ ಕೂಗು ಕೇಳಿ ಸಕ್ಕುಬಾಯಿ ಓಡಿ ಬಂದು ಬಾಯಿ ಮುಚ್ಚಲು ಹೋದಳು. "ಬಿಡಕ್ಕಾ" ಅಂದಳು ಮಲಕವ್ವ. ಸಕ್ಕುಬಾಯಿ ಕೈ ಹಿಂದಕ್ಕೆ ತಗೊಂಡು ಸೊಸೆಯ ಕಾಲ ಹತ್ತಿರ ಕುಸಿದು ತಾನೂ ಅತ್ತಳು.

ಅವತ್ತು ಕಸ್ತೂರೆವ್ವ ಅರ್ಧ ವಾಟಗಾ ಗಂಜಿ ಕುಡಿದು ಮಲಗಿದಳು. ದುಃಖ ಎಲ್ಲಿಗೂ ಹೋಗಲಿಲ್ಲ. ಆದರೆ ಮಲಕವ್ವ ದಿನಾ ಹೋಗಿ ನೀವುತ್ತಿದ್ದಂತೆ ಕುತ್ತಿಗೆ ತಿರುಗಿತು, ಅನ್ನ ಇಳಿಯಿತು, ಆಕೆ ಎದ್ದು ಅಂಗಳಕ್ಕೆ ಬಂದಳು.

ಪದ್ಮವ್ವನ ಮೊಮ್ಮಗ ಹುಟ್ಟಿದಾಗ ಎಣ್ಣೆ ತಿಕ್ಕಲು ಬೇರೆಯವಳು ಬಂದಳು. ಮುಂದೆ ಒಂದೊಂದೇ ಮನೆ ತಪ್ಪಿತು. ಮಲಕವ್ವ ದಿನಾ ನಿಪ್ಪಾಣಿಯ ಬಸ್ಸು ಹಿಡಿಯತೊಡಗಿದಳು. ಇಡೀ ದಿನ ಬಗ್ಗಿ ಬೀಡಿ ಕಟ್ಟುವ ಹೆಂಗಸರ ಹೆಗಲು ಒತ್ತಿ, ಅವರು ಕೊಟ್ಟಷ್ಟರಲ್ಲಿ ಬದುಕಿದಳು.

ಎರಡು ವರ್ಷಕ್ಕೆ ಕಸ್ತೂರೆವ್ವ ಗಂಡು ಹಡೆದಳು. ಬಸ್ಸಿಗೆ ನಿಂತಿದ್ದ ಮಲಕವ್ವನ ಹತ್ತಿರ ಸಕ್ಕುಬಾಯಿ ಬಂದಳು. ಮುಖ ಎತ್ತಲಿಲ್ಲ.

"ಸಿಟ್ಟಾಗಬ್ಯಾಡ ಮಲಕಾ. ಬ್ಯಾರೆಯಾಕಿಗೆ ಹೇಳೀವಿ. ಕಸ್ತೂರಿ ನೀನಽ ಬೇಕ ಅಂತ ಹಟ ಹಿಡದಾಳ. ನನಗಽ ಧೈರ್ಯ ಆಗವಲ್ದು."

"ಇರಲಿ ಬಿಡಕ್ಕಾ. ಕೂಸು ಆರಾಮ ಐತಿಲ್ಲೊ?" ಅಂದಳು ಮಲಕವ್ವ. ಬಸ್ಸು ಬಂತು, ಹತ್ತಿದಳು.

ಅವತ್ತು ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಕೆಂಪವ್ವ ಹೆಗಲು ಕೊಟ್ಟು ಕೂತವಳು ಹಿಂದಕ್ಕೆ ತಿರುಗಿದಳು. "ಯಾಕ ಮೌಶಿ, ಇವತ್ತ ನಿನ್ನ ಕೈನ ಬಿಗದಾವಲ್ಲ?"

"ಬಸ್ಸಿನ್ಯಾಗ ಕಂಬಿ ಹಿಡದ ನಿಂತ ಬಂದೀನಿ" ಅಂದಳು ಮಲಕವ್ವ. "ಮುಂದ ನೋಡು, ಕುತ್ತಿಗಿ ಸಡಲ ಬಿಡು."