ಚಿಗಳಿ ಬಿದ್ದ ಬೇಳೆ

ನಾನು ಚಿಕ್ಕವನಿದ್ದಾಗ, ಅರ್ಧ ನೆಕ್ಕಿದ ಒಂದು ಚಿಗಳಿಯಿಂದ ಅಪ್ಪನ ವರ್ಗಾವಣೆಯನ್ನೇ ತಡೆಯಲು ಹೊರಟವನು. ನಂಬುವುದಿಲ್ಲವೇ, ಮೊಮ್ಮಕ್ಕಳೇ? ಬೇಡ, ನಂಬಬೇಡಿ. ತಾಕತ್ತಿದ್ದರೆ ಕೊನೆಯ ಸಾಲಿನವರೆಗೂ ನಂಬದೇ ಇದ್ದು ತೋರಿಸಿ. ಇದರಲ್ಲಿ ಒಂದೇ ಒಂದು ಸುಳ್ಳು ಸೇರಿಸಿದ್ದೇನೆ. ಅದನ್ನು ಹುಡುಕುವುದು ನಿಮ್ಮಿಂದ ಆಗದು. ನಿಮ್ಮಪ್ಪನಿಂದಲೂ ಇವತ್ತಿನವರೆಗೆ ಆಗಿಲ್ಲ.

ಚಿಗಳಿ ಎಂದರೆ ಹುಣಸೆಹಣ್ಣು, ಬೆಲ್ಲ, ಉಪ್ಪು, ಖಾರ, ಜೀರಿಗೆ ಕುಟ್ಟಿ ಉಂಡೆ ಮಾಡಿ ಕಡ್ಡಿಗೆ ಚುಚ್ಚಿದ್ದು. ಧಾರವಾಡದ ನಮ್ಮ ಓಣಿಯಲ್ಲಿ ಒಂದು ಚಿಗಳಿಯನ್ನು ಮೂರು ದಿನ ನೆಕ್ಕುವ ಗಂಡಸು ನಾನೊಬ್ಬನೇ. ಬೇಸರವಾದಾಗ ಚಡ್ಡಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಆ ಕಿಸೆಯಲ್ಲಿ ಇನ್ನೇನೇನು ಇರುತ್ತಿತ್ತು ಎಂದು ಆಮೇಲೆ ಹೇಳುತ್ತೇನೆ. ಊಟ ಆಗಿದ್ದರೆ ಮಾತ್ರ ಓದಿ.

ಅಪ್ಪ ಕಾಳಿನ ಗೋದಾಮಿನಲ್ಲಿ ಗುಮಾಸ್ತರು. ಅವರಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಹುಬ್ಬಳ್ಳಿ ಏನು ಮಹಾ ದೂರ ಎನ್ನಬೇಡಿ. ಬೆಳಗಿನ ಐದಕ್ಕೆ ಅಪ್ಪ ಗೋದಾಮಿನ ಬಾಗಿಲು ತೆಗೆಯಬೇಕಿತ್ತು. ಅಷ್ಟು ಹೊತ್ತಿಗೆ ಧಾರವಾಡದಿಂದ ಬಸ್ಸೇ ಇರಲಿಲ್ಲ. ಒಂದೋ ಮನೆಮಂದಿಯೆಲ್ಲ ಅಲ್ಲಿಗೆ ಹೋಗಬೇಕು, ಇಲ್ಲವೇ ಅಪ್ಪ ಗೋದಾಮಿನಲ್ಲೇ ಮಲಗಿ ರವಿವಾರಕ್ಕೊಮ್ಮೆ ಬರಬೇಕು.

ತೀರ್ಮಾನ ಮಾಡುವವಳು ಆಯಿ, ಅಪ್ಪನ ತಾಯಿ. ಅವಳ ಲೆಕ್ಕವೇ ಬೇರೆ.

"ಊರು ಬಿಡೂದು ಅಂದ್ರ ನೀರು ಬಿಡೂದು," ಎಂದಳು. "ಅಲ್ಲಿ ನೀರಾಗ ಬ್ಯಾಳಿ ಬೆಂದ್ರ ಎಲ್ಲಾರೂ ಹೋಗೂಣು. ಬೇಯಲಿಲ್ಲ ಅಂದ್ರ ನೀ ಒಬ್ಬಾವ ಹೋಗು."

ಸವುಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಅಂಥ ನೀರು ಕುಡಿದರೆ ಹೊಟ್ಟೆಯೂ ನಿಲ್ಲುವುದಿಲ್ಲ ಎಂಬುದು ಅವಳ ನಂಬಿಕೆ. ನನಗೋ ನನ್ನ ಸಾಲಿ ಬಿಡುವ ಮನಸ್ಸಿರಲಿಲ್ಲ. ಮಾಸ್ತರರ ಕುರ್ಚಿಗೆ ಅಂಟು ಹಚ್ಚುವ ಹಕ್ಕನ್ನು ಕಷ್ಟಪಟ್ಟು ಗಳಿಸಿದ್ದೆ. ಬೇಳೆ ಬೇಯದಿದ್ದರೆ ಅಪ್ಪನೂ ಹೋಗುವುದಿಲ್ಲ ಎಂದುಕೊಂಡಿದ್ದೆ. ಆಯಿ ಹೇಳಿದ ಕೊನೆಯ ಮಾತನ್ನು ಬೆದರಿಕೆ ಎಂದು ತಿಳಿದ ಶಾಣ್ಯಾ ನಾನು.

ಮುಷ್ಟಿ ತೊಗರಿಬೇಳೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಆಯಿ ಹೊರಟಳು. ಹಿಂದೆ ಅಪ್ಪ, ಅವ್ವ, ನಾನು. ಅಪ್ಪ ಗೊತ್ತುಮಾಡಿದ್ದ ಬಾಡಿಗೆ ಮನೆ ಇದ್ದದ್ದು ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಒಂದು ಸಂದಿಯಲ್ಲಿ. ಕೊಳೆತ ಉಳ್ಳಾಗಡ್ಡಿ ಸಿಪ್ಪೆಯ ಮೇಲೆ ಕಾಲಿಟ್ಟರೆ ಪಚಕ್ ಎನ್ನುತ್ತಿತ್ತು. ಬಾಗಿಲಿನ ಮುಂದೆಯೇ ಗಟಾರ. ಕಪ್ಪು ನೀರಿನ ಮೇಲೆ ಬೂದು ಬಣ್ಣದ ಕೆನೆ, ಕೆನೆಯ ಮೇಲೆ ಬಾಲ ಮೇಲಾಗಿ ಒಂದು ಹೆಗ್ಗಣ. ಒಳಗೆ ಹೋದರೆ ಗೋಡೆಯ ಮೂಲೆಯಲ್ಲಿ ಯಾರೋ ಎಷ್ಟೋ ವರ್ಷ ಉಗುಳಿದ ಎಲೆಅಡಿಕೆ. ಬಚ್ಚಲಿನ ಕಲ್ಲು ಮುಟ್ಟಿದರೆ ಬೆರಳಿಗೆ ಲೋಳೆ ಬಂತು. ಅದನ್ನು ಚಡ್ಡಿಗೆ ಒರೆಸಿಕೊಂಡೆ, ಚಡ್ಡಿಯೂ ನಾರತೊಡಗಿತು.

ಮಾಲಕರು ಮೂಗು ಸೀನಿ, ಅದೇ ಕೈಯಿಂದ ನನ್ನ ಗಲ್ಲ ಹಿಂಡಿದರು. "ಬಾಳ ಛಲೋ ಮನಿ ರೀ. ಗಾಳಿ ಹೆಂಗ ಬರ್ತದ ನೋಡ್ರಿ."

"ಗಾಳಿ ಬರ್ತದರಿ," ಎಂದಳು ಅವ್ವ, ಮೂಗಿಗೆ ಸೆರಗು ಒತ್ತಿಕೊಂಡು. "ಅದರ ಜೋಡಿ ಇನ್ನೂ ಏನೇನೋ ಬರಾಕತ್ತದ."

ಅಪ್ಪ ಮಾತ್ರ ಏನೂ ನೋಡಲಿಲ್ಲ. "ಗೋದಾಮಿಗೆ ಹತ್ತು ಹೆಜ್ಜಿ. ಮಧ್ಯಾಹ್ನ ಊಟಕ್ಕೂ ಮನಿಗೆ ಬರಬಹುದು," ಎಂದು ಎರಡು ಸಲ ಹೇಳಿದರು.

ಆಯಿ ಹಿತ್ತಲ ಬಾವಿಯಿಂದ ನೀರು ಸೇದಿಸಿದಳು. ಮಾಲಕರ ಸ್ಟೋವಿನ ಮೇಲೆ ಪಾತ್ರೆ ಏರಿತು. ದೊಡ್ಡವರು ಮಾಳಿಗೆ ನೋಡಲು ಹೋದರು. ಪಾತ್ರೆಯ ಕಾವಲಿಗೆ ನಾನು.

ಬೇಳೆಗೆ ಹುಣಸೆಹಣ್ಣು ಮೊದಲೇ ಹಾಕಿದರೆ ಅದು ಬೇಯುವುದಿಲ್ಲ ಎಂದು ಆಯಿ ದಿನವೂ ಅವ್ವನಿಗೆ ಹೇಳುವುದನ್ನು ಕೇಳಿದ್ದೆ. ಕಿಸೆಯಿಂದ ಚಿಗಳಿ ತೆಗೆದೆ. ಎರಡು ದಿನದ್ದು. ಅದಕ್ಕೆ ಚಡ್ಡಿಯ ನೂಲು, ಪೆನ್ಸಿಲ್ ಹೆರೆದ ಪುಡಿ, ಕಾಲು ಮುರಿದ ಒಂದು ಇರುವೆ ಅಂಟಿಕೊಂಡಿದ್ದವು. ಕಡ್ಡಿ ಕಿತ್ತು ಉಂಡೆಯನ್ನು ಕುದಿಯುವ ನೀರಿಗೆ ಹಾಕಿ, ಮುಚ್ಚಳ ಮುಚ್ಚಿ, ಸಂಭಾವಿತನ ಹಾಗೆ ಕೈಕಟ್ಟಿ ಕುಳಿತೆ.

ಗಂಟೆ ಕಳೆದ ಮೇಲೆ ಆಯಿ ಮುಚ್ಚಳ ತೆಗೆದಳು. ಬೇಳೆ ಹರಳಿನ ಹಾಗೆ ಗಟ್ಟಿಯಾಗಿಯೇ ಇತ್ತು. ಬೆರಳಲ್ಲಿ ಹಿಸುಕಿದಳು, ನುರಿಯಲಿಲ್ಲ. ಬಾಯಿಗೆ ಹಾಕಿಕೊಂಡಳು. ಒಂದು ಕ್ಷಣ ನನ್ನನ್ನೇ ನೋಡಿ, ಬಚ್ಚಲಿಗೆ ಥೂ ಎಂದು ಉಗುಳಿದಳು.

"ಸವುಳು ನೀರು."

"ನೋಡೂಣು, ಇಲ್ಲಿ ಕೊಡು," ಎಂದು ಅಪ್ಪ ಕೈ ಚಾಚಿದರು. ಆಯಿ ಕೊಡಲಿಲ್ಲ. ಪಾತ್ರೆಯನ್ನು ಗಟಾರಕ್ಕೆ ಬೋರಲು ಹಾಕಿದಳು.

ನಾನು ಗೆದ್ದೆ. ಸೋಮವಾರ ಬೆಳಗ್ಗೆ ಎದ್ದರೆ ಅಪ್ಪನ ಟ್ರಂಕು ಇರಲಿಲ್ಲ, ಅಪ್ಪನೂ ಇರಲಿಲ್ಲ.

ರವಿವಾರ ಬಂದರು. ಅಂಗಿಯಿಂದ ಗೋಣಿಚೀಲದ, ಇಲಿಯ ಉಚ್ಚೆಯ, ನುಸಿಪುಡಿಯ ವಾಸನೆ. ಕುತ್ತಿಗೆಯ ತುಂಬ ಕೆಂಪು ಗಂದೆ. "ಖಾನಾವಳಿ ಸಾರಿನಾಗ ಹುಳ ಇರ್ತಾವ," ಎಂದು ನಕ್ಕರು. "ಮೊದಲ ತಗದು ಉಣ್ತಿದ್ದೆ. ಈಗ ಬರೇ ದೊಡ್ಡವನ್ನಷ್ಟ ತಗೀತೇನಿ." ನನ್ನ ತಟ್ಟೆಯ ಸಾರು ನನ್ನನ್ನೇ ನೋಡುತ್ತಿದ್ದಂತೆ ಅನಿಸಿತು. ಕಿಸೆಯಲ್ಲಿದ್ದ ಹೊಸ ಚಿಗಳಿಯನ್ನು ಹಿತ್ತಲಿಗೆ ಎಸೆದೆ. ಇರುವೆಗಳೂ ತಿನ್ನಲಿಲ್ಲ ಎಂದರೆ ನಂಬಿ.

ಮರುದಿನ ಆಯಿ ಮತ್ತೆ ಸೆರಗಿಗೆ ಬೇಳೆ ಕಟ್ಟಿಕೊಂಡಳು. ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದಳು.

"ಕಿಸೆ ಹೊರಗ ಹಾಕು."

"ಆಯಿ, ಅವತ್ತ ನಿನಗ ಗೊತ್ತಾಗಿತ್ತೇನು?"

"ಹುಣಸಿಹಣ್ಣಿನ ಗುಟ್ಟು ನಿನಗ ಕಲಿಸಿದಾಕಿ ನಾನಲ್ಲೇನೋ?"

"ಮತ್ತ ಯಾಕ ಸುಮ್ಮನಾದಿ?"

"ನನಗೂ ಆ ಮನಿ ನೋಡಿ ಹೇಸಿಕಿ ಬಂದಿತ್ತು. ನಿನ್ನ ಚಿಗಳಿ ನನಗ ಛಲೋ ನೆವ ಆತು." ಸೆರಗಿನ ಗಂಟು ಬಿಗಿಮಾಡಿಕೊಂಡು ಹೇಳಿದಳು, "ನಿಮ್ಮಪ್ಪನ ಕುತ್ತಿಗಿ ನೋಡಿದ ಮ್ಯಾಲೆ ನನ್ನ ಹೇಸಿಕಿನ ನನಗ ಹೇಸಿಕಿ ಆತು. ನಡಿ ಇನ್ನ."

ಆ ದಿನ ಬೇಳೆ ಬೆಣ್ಣೆಯ ಹಾಗೆ ಬೆಂದಿತು. ಆ ಗಬ್ಬುನಾತದ ಮನೆಯಲ್ಲಿ ನಾವು ಆರು ವರ್ಷ ಇದ್ದೆವು. ಬಚ್ಚಲು ತಿಕ್ಕುವ ಕೆಲಸ ಯಾರ ಪಾಲಿಗೆ ಬಂತು ಎಂದು ಕೇಳಬೇಡಿ. ಅಪ್ಪ ಮಾತ್ರ ದಿನವೂ ಮಧ್ಯಾಹ್ನ ಊಟಕ್ಕೆ ಬರುತ್ತಿದ್ದರು.

ಈಗ ನಿಮ್ಮಪ್ಪನಿಗೆ ಪುಣೆಗೆ ವರ್ಗವಾಗಿದೆ. ನೀವೆಲ್ಲ ಸೋಫಾದ ಮೇಲೆ ಕುಳಿತು ಫೋನಿನಲ್ಲಿ ಅಲ್ಲಿಯ ಮನೆ ನೋಡುತ್ತೀರಿ. ಹೊಳೆಯುವ ನೆಲ, ಬಿಳಿ ಬಚ್ಚಲು, ಲಿಫ್ಟು. ಫೋನಿನಲ್ಲಿ ವಾಸನೆ ಬರುವುದಿಲ್ಲ. ಕುಕ್ಕರಿನಲ್ಲಿ ಯಾವ ಊರಿನ ನೀರಾದರೂ ಮೂರು ಸೀಟಿಗೆ ಬೇಳೆ ಬೇಯುತ್ತದೆ. ಹೋಗಬೇಕೋ ಬೇಡವೋ ಎಂದು ಹೇಳುವ ಬೇಳೆ ನಿಮ್ಮ ಹತ್ತಿರ ಇಲ್ಲ. ಹೋಗುವುದಿಲ್ಲ ಎಂದು ಮೊನ್ನೆ ಹಟ ಹಿಡಿದು ನಿಮ್ಮಪ್ಪನ ಚಾರ್ಜರ್ ಬಚ್ಚಿಟ್ಟವರು ಯಾರು ಎಂದು ನನಗೆ ಗೊತ್ತು. ನಿಮ್ಮ ಕಿಸೆ ನಾನು ನೋಡುವುದಿಲ್ಲ; ನಿಮ್ಮಪ್ಪನ ಕುತ್ತಿಗೆಯನ್ನು ನೀವೇ ನೋಡಿ.

ಸುಳ್ಳು ಸಿಕ್ಕಿತೇ? ಹೆಗ್ಗಣ ಖರೇ, ಇರುವೆ ಖರೇ. ಆಯಿ ಉಗುಳಿದಳು ಎಂದೆನಲ್ಲ, ಅದೊಂದೇ ಸುಳ್ಳು. ನಿಜ ಹೇಳಿದರೆ ನೀವು ನನ್ನ ತಟ್ಟೆಯಿಂದ ತಿನ್ನುವುದನ್ನೇ ಬಿಟ್ಟೀರಿ ಎಂದು ಹೆದರಿದ್ದೆ. ಉಗುಳಿದ್ದರೆ ನೂಲು, ಇರುವೆ ಎಲ್ಲ ಅಪ್ಪನ ಕಣ್ಣಿಗೆ ಬೀಳುತ್ತಿದ್ದವು. ಆಯಿ ನನ್ನನ್ನೇ ನೋಡುತ್ತ, ನಿಧಾನವಾಗಿ ಅಗಿದು, ನುಂಗಿದಳು.