ಅಕ್ಕನ ಡಬ್ಬಿಯ ಕಹಿ ಪುಡಿ

ಇದು ನಡೆದದ್ದು ೧೯೬೧ರಲ್ಲಿ ಎಂದು ಬರೆಯಹೋಗಿ ಕೈ ತಡೆದೆ. ಅರವತ್ತೆರಡೂ ಇರಬಹುದು. ಆಗ ನಾನು ಅಕ್ಕಿಆಲೂರಿನಲ್ಲಿ ಹೈಸ್ಕೂಲು ಓದುತ್ತಿದ್ದೆ. ದಿನಚರಿ ಬರೆಯುವ ರೂಢಿ ಬಂದದ್ದು ಧಾರವಾಡಕ್ಕೆ ಬಿ.ಎ. ಓದಲು ಹೋದ ಮೇಲೆ. ಹಾಗಾಗಿ ಕೆಲವು ವಿವರ ತಪ್ಪಿರಬಹುದು. ಡಬ್ಬಿಯ ಬಣ್ಣ ಹಸಿರೆಂದು ನನ್ನ ನೆನಪು, ಅಣ್ಣ ಕೆಂಪು ಅನ್ನುತ್ತಾನೆ. ಡಬ್ಬಿಯೇ ಇರಲಿಲ್ಲವೆಂದು ಮಾತ್ರ ಅವನೂ ಅನ್ನುವುದಿಲ್ಲ.

ಹಿರೇಕೆರೂರಿನ ಕಡೆ ಕೊಟ್ಟಿದ್ದ ನಮ್ಮ ಗಂಗಕ್ಕ ಆ ವರ್ಷ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕೂಸು ಉಳಿಯಲಿಲ್ಲ. ಅಕ್ಕನ ಕಾಲು ಬಾತು, ಬೆರಳಿಂದ ಒತ್ತಿದರೆ ತಗ್ಗು ಬಿದ್ದು ಹಾಗೇ ಉಳಿಯುತ್ತಿತ್ತು. ಹಾನಗಲ್ಲಿನಿಂದ ಬಂದ ಡಾಕ್ಟರು ನೋಡಿ, "ಈಕೀ ಮೈಯಾಗ ಸತ್ವನ ಉಳದಿಲ್ಲ" ಎಂದು ಹುಬ್ಬಳ್ಳಿಯಿಂದ ಒಂದು ಡಬ್ಬಿ ತರಿಸಿಕೊಟ್ಟರು. ಹಾಲಿನ ಸತ್ವ ಒಡೆದು ಮಾಡಿದ ಪುಡಿ. ಡಬ್ಬಿಯ ಮೇಲಿದ್ದ 'ಅಮೈನೋ ಆ್ಯಸಿಡ್' ಎಂಬ ಮಾತನ್ನು ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದ್ದೆ. ನಾರುವ ಪುಡಿ ಅದು, ಬಲು ಕಹಿ. ಮೊದಲ ದಿನ ಅಕ್ಕ ಮೂಗು ಹಿಡಿದು ಕುಡಿದು ನಕ್ಕಳು.

"ನೋಡ್ತಿರು, ಈ ಡಬ್ಬಿ ಖಾಲಿ ಆಗೂದ್ರಾಗ ನಾನೂ ಕಣಕ್ಕ ಇಳೀತೇನಿ. ನಿಮ್ಮಣ್ಣನ್ನ ಚಿತ್ ಮಾಡಿ ಒಗೀತೇನಿ."

ಅಣ್ಣ ಬಸಪ್ಪ ಗರಡಿಯ ಪೈಲ್ವಾನ. ಹಾನಗಲ್ಲಿನಲ್ಲಿ ಅವನ ದೊಡ್ಡ ಕುಸ್ತಿ ನಿಗದಿಯಾಗಿತ್ತು. ಎದುರಾಳಿ ಸವಣೂರಿನವನು, ಇವನಿಗಿಂತ ಒಂದು ಕೈ ಮೇಲೆ ಎನ್ನುತ್ತಿದ್ದರು. ಪೈಲ್ವಾನನ ಖುರಾಕು ಯಾರ ಕಣ್ಣಿಗೂ ಬೀಳಬಾರದು, ದೃಷ್ಟಿಯಾಗುತ್ತದೆ ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಅವನ ಬಾದಾಮಿ ಹಾಲಿನ ತಂಬಿಗೆಗೆ ಅರಿವೆ ಮುಚ್ಚಿ ಅವ್ವನೇ ಒಳಗೆ ಒಯ್ಯುತ್ತಿದ್ದಳು. ಕದ ಹಾಕಿಕೊಂಡು ಅವನು ಕುಡಿಯುತ್ತಿದ್ದ. ಅಕ್ಕನ ಬಟ್ಟಲನ್ನು ಅವ್ವ ಕಲಸಿ ನನ್ನ ಕೈಗೆ ಕೊಡುತ್ತಿದ್ದಳು.

ವಾರ ಕಳೆದಿರಬೇಕು. ಅಕ್ಕ ಒಂದು ಮುಂಜಾನೆ ಬಟ್ಟಲು ಕೆಳಗಿಟ್ಟು, "ಈಗ ಕಹೀನ ಹತ್ತವಲ್ದು ನೋಡು. ನಾಲಿಗಿಗೆ ರೂಢಿ ಆತು ಕಾಣತೈತಿ" ಅಂದಳು. ನಾನೂ ಹಾಗೇ ತಿಳಿದೆ. ಬಾವು ಮಾತ್ರ ಮೊಣಕಾಲು ದಾಟಿ ಮೇಲೇರಿತ್ತು.

ಅದಾದ ಒಂದೆರಡು ದಿನಕ್ಕೆ ಅಣ್ಣನ ತಂಬಿಗೆ ತಿಕ್ಕುವ ಕೆಲಸ ನನ್ನ ಪಾಲಿಗೆ ಬಂತು. ಒಳಗೆ ಕೈ ಹಾಕುವ ಮೊದಲೇ ಅದೇ ನಾತ. ತಳದಲ್ಲಿ ಪುಡಿ ಗಂಟುಗಟ್ಟಿತ್ತು. ಬೆರಳಿಗೆ ಹಚ್ಚಿ ನೆಕ್ಕಿದೆ: ಕಹಿ.

ಅಡುಗೆಮನೆಗೆ ಹೋಗಿ ಕೇಳಿದೆ. "ಅವ್ವಾ, ಅಕ್ಕಗ ಏನ್ ಕಲಸಿ ಕೊಡ್ತಿ?"

"ಹುರಗಡಲಿ ಪುಠಾಣಿ ಹಿಟ್ಟು. ಯಾಕ?"

"ಡಾಕ್ಟರ್ ಕೊಟ್ಟಿದ್ದು ಆಕೀಗಲ್ಲೇನು?"

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬಾಣಂತಿ ಹೊಟ್ಟಿ ಅದು, ಅಂಥಾ ಬಿರುಸಿಂದು ತಡೀತೈತೇನು? ಕಸುವು ಇದ್ದವಂಗ ಕಸುವು ಹತ್ತೂದು. ಕುಸ್ತಿ ಒಂದು ಮುಗೀಲಿ, ಆಕೀಗೆ ಹೊಸಾ ಡಬ್ಬೀನ ತರಸೂನು. ನೀ ಎರಡಕ್ಷರ ಕಲ್ತೀ ಅಂತ ನನಗ ಶಾಣ್ಯಾತನ ಹೇಳಬ್ಯಾಡ."

ಅವ್ವ ಕೆಟ್ಟವಳಾಗಿರಲಿಲ್ಲ. ಅಕ್ಕನ ಕಾಲು ಒತ್ತುತ್ತ ತಾಸುಗಟ್ಟಲೆ ಕೂರುತ್ತಿದ್ದಳು. ಆ ಮಾತನ್ನು ಅವಳು ನಿಜವಾಗಿಯೂ ನಂಬಿದ್ದಳೆಂದೇ ನನಗೆ ಅನ್ನಿಸುತ್ತದೆ.

ಡಾಕ್ಟರು ಮತ್ತೆ ಬಂದರು. ಬಾವು ಒತ್ತಿ ನೋಡಿ ಹುಬ್ಬು ಗಂಟಿಕ್ಕಿದರು. "ಪುಡಿ ಕುಡಿಸಾಕತ್ತೀರೋ ಇಲ್ಲೋ?"

"ಹೂಂ ರೀ ಸಾಹೇಬ್ರ, ದಿನಾ ಎರಡು ಹೊತ್ತು" ಅಂದಳು ಅವ್ವ.

ನಾನು ಬಾಗಿಲಲ್ಲಿ ಅವರ ಚೀಲ ಹಿಡಿದು ನಿಂತಿದ್ದೆ. ಅಕ್ಕ ನನ್ನ ಕಡೆ ನೋಡಿದಳು. ಅಥವಾ ನೋಡಿದಳೆಂದು ನಾನು ಆಮೇಲೆ ಸೇರಿಸಿಕೊಂಡೆನೋ, ಹೇಳಲಾರೆ. ನಾನು ಬಾಯಿ ಬಿಡಲಿಲ್ಲ ಎಂಬುದರಲ್ಲಿ ಮಾತ್ರ ನೆನಪಿನ ಮೋಸವಿಲ್ಲ. ಗಾಡಿಯ ತನಕ ಚೀಲ ಹೊತ್ತು ಹೋದೆ, ಆಗಲೂ ಹೇಳಲಿಲ್ಲ. ಅವ್ವನ ಬೈಗುಳಕ್ಕೆ ಹೆದರಿದ್ದೆನೋ, ಅಣ್ಣ ಗೆಲ್ಲಲಿ ಎಂದು ನನಗೂ ಆಸೆಯಿತ್ತೋ!

ಅಣ್ಣ ಗೆದ್ದ. ಬೆಳ್ಳಿ ಕಡಗ ಹಾಕಿಕೊಂಡು, ಮೈತುಂಬ ಗುಲಾಲು ಮೆತ್ತಿಕೊಂಡು ಮನೆಗೆ ಬಂದ. ಅಕ್ಕ ಎದ್ದು ಕೂರಲಾಗದೆ ಮಲಗಿದಲ್ಲಿಂದಲೇ, "ನನ್ನ ಜೋಡಿ ಕುಸ್ತಿ ಹಿಡೀಬೇಕಿತ್ತು, ಪಾರಾದಿ ಮಗನ" ಅಂದಳು. ಮುಂದಿನ ಸೋಮವಾರ ತೀರಿಕೊಂಡಳು. ಹೊಸ ಡಬ್ಬಿ ಬಂದಿರಲಿಲ್ಲ.

ಮುಂದೆ ಧಾರವಾಡದಲ್ಲಿ ಪರಿಚಯದ ವೈದ್ಯೆಯೊಬ್ಬರಿಗೆ ಎಲ್ಲ ಹೇಳಿದೆ. ಅದು ಮೂತ್ರಪಿಂಡದ ರೋಗವಾಗಿದ್ದರೆ ಆ ಪುಡಿಯಿಂದಲೂ ಉಳಿಯುತ್ತಿರಲಿಲ್ಲವೇನೋ ಅಂದರು. ಆ 'ಏನೋ' ನನಗೆ ಸಮಾಧಾನ ಕೊಡಲಿಲ್ಲ. ಉಳಿಯುತ್ತಿದ್ದಳೋ ಇಲ್ಲವೋ, ಅವಳದು ಅವಳಿಗೆ ಸಿಗಲಿಲ್ಲ. ಅದು ಗೊತ್ತಿದ್ದೂ ದಿನಾ ಪುಠಾಣಿ ಹಿಟ್ಟಿನ ಬಟ್ಟಲು ಒಯ್ದು ಕೊಟ್ಟವಳು ನಾನು.

ಅವ್ವ ತೀರಿಕೊಂಡ ವರ್ಷ, ದಿನಕರ್ಮ ಮುಗಿಸಿ ನೆಂಟರೆಲ್ಲ ಹೊರಟ ಮೇಲೆ ಕಟ್ಟೆಯ ಮೇಲೆ ನಾನೂ ಅಣ್ಣನೂ ಇಬ್ಬರೇ ಕುಳಿತಿದ್ದೆವು. ಅಷ್ಟು ವರ್ಷ ತಡೆದಿದ್ದನ್ನು ಅಂದು ಕೇಳಿಬಿಟ್ಟೆ. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊಲದ ಕಡೆ ನಡೆದ. ನಾನು ಕೇಳಿದ್ದು ಇಷ್ಟೇ:

"ಅಣ್ಣಾ, ಹಾಲು ಒಮ್ಮಿಂದೊಮ್ಮೆಲೆ ಕಹಿ ಆದಾಗ, ಇದು ಎಲ್ಲಿಂದ ಬಂತು ಅಂತ ನೀ ಒಂದು ದಿನಾನೂ ಅವ್ವನ್ನ ಕೇಳಲಿಲ್ಲೇನು?"